ಹದಿನೆಂಟರ ಪೊಟ್ಟಣ

ಬಚ್ಚಲಿನಿಂದ ಅತ್ತೆ ಕೂಗಿದಾಗ ಅವಳು ರಿಬ್ಬನ್ನನ್ನು ಹಲ್ಲಲ್ಲಿ ಕಚ್ಚಿಕೊಂಡು ಮಗಳ ಎರಡನೆಯ ಜಡೆ ಹೆಣೆಯುತ್ತಿದ್ದಳು.

"ಬಾರೇ ಇಲ್ಲಿ, ನಿನ್ನ ಕೋಟಿನ ಜೇಬಲ್ಲಿ ಏನೋ ಮೊಳಕೆ ಬಂದಿದೆ."

ಅತ್ತೆಗೆ ಎಲ್ಲವನ್ನೂ ಸ್ವಲ್ಪ ಹೆಚ್ಚು ಮಾಡಿ ಹೇಳುವ ಅಭ್ಯಾಸ. ಅವಳು ಜಡೆಯನ್ನು ಅರ್ಧಕ್ಕೇ ಬಿಟ್ಟು ಎದ್ದುಹೋದಳು. ಬಕೆಟ್ಟಿನ ನೀರು ಕೆಸರಿನ ಬಣ್ಣಕ್ಕೆ ತಿರುಗಿತ್ತು. ಅದರಲ್ಲಿ ಅವಳ ಬಿತ್ತನೆಯ ಕೋಟು ಮೊನ್ನೆಯಿಂದ ನೆನೆದು ಉಬ್ಬಿಕೊಂಡಿತ್ತು. ವರ್ಷಕ್ಕೆ ಒಂದೇ ವಾರ ತೊಡುವ ಕೋಟು ಅದು. ಚಳಿಯಲ್ಲಿ, ಧೂಳಿನಲ್ಲಿ, ಬಿತ್ತುವ ಯಂತ್ರದ ಮೇಲೆ ಕೂರುವಾಗ ಮಾತ್ರ ಬೇಕಾಗುವಂಥದ್ದು. ಉಳಿದ ದಿನ ಬಾಗಿಲ ಹಿಂದೆ ನೇತಾಡಿಕೊಂಡಿರುತ್ತದೆ. ಮೊನ್ನೆ ಅತ್ತೆ ಅದನ್ನು ನೆನೆಹಾಕಿ, ಮಂಡಿ ನೋವು ಅಂತ ಮಲಗಿ, ಮರೆತೇಬಿಟ್ಟಿದ್ದರು. ಈಗ ಅವರ ಒದ್ದೆ ಅಂಗೈಯಲ್ಲಿ ಕಂದು ಕಾಗದದ ಪೊಟ್ಟಣವೊಂದು ಬಾಯಿ ಬಿಟ್ಟುಕೊಂಡಿತ್ತು. ಒಳಗಿನ ಗೋಧಿಯ ಕಾಳುಗಳೆಲ್ಲ ದಪ್ಪಗಾಗಿ, ಹೆಚ್ಚುಕಡಿಮೆ ಪ್ರತಿಯೊಂದರ ಒಂದು ತುದಿಯಲ್ಲೂ ಎಳೆ ಮಗುವಿನ ಹಲ್ಲಿನಷ್ಟು ಬಿಳಿಯ ಚುಕ್ಕೆ. ಕಾಗದದ ಮೇಲೆ ಅವಳದೇ ಕೈಬರಹ. ಪೆನ್ಸಿಲ್ಲು, ನೀರಿಗೆ ಒಂದಿಷ್ಟೂ ಕದಡಿರಲಿಲ್ಲ. ಹದಿನೆಂಟು. ನಾಲ್ಕನೆಯ ಪಟ್ಟಿ.

"ಬೇಕಾದದ್ದೇನೇ?" ಅತ್ತೆ ಕೇಳಿದರು. "ಮುಖ ಯಾಕೆ ಹಾಗೆ ಮಾಡ್ಕೊಂಡೆ?"

"ಬಿತ್ತಬೇಕಾಗಿತ್ತು ಇದನ್ನ. ಬಿತ್ತೇ ಇಲ್ಲ." ಅವಳ ಬಾಯಿಂದ ಮುಂದಿನ ಮಾತು ತಾನಾಗಿಯೇ ಬಂತು, ಎಷ್ಟೋ ದಿನದಿಂದ ತಯಾರಾಗಿ ನಿಂತಿದ್ದ ಹಾಗೆ. "ಅವತ್ತು ಸ್ಕೂಲಿಂದ ಫೋನ್ ಬಂತಲ್ಲ ಅತ್ತೆ, ಇವಳಿಗೆ ವಾಂತಿ ಆಗ್ತಿದೆ ಅಂತ. ಆ ಗಡಿಬಿಡಿಯಲ್ಲಿ ಮರೆತೆ ಅಂತ ಕಾಣುತ್ತೆ."

"ಅಯ್ಯೋ, ಇಷ್ಟೇನಾ," ಅಂದರು ಅತ್ತೆ. "ಮಕ್ಕಳೊಂದಿಗರಿಗೆ ಮೈಮೇಲೆ ಎಚ್ಚರ ಎಲ್ಲಿರುತ್ತೆ."

ಅವಳು ತಿರುಗಿದಾಗ ಮಗಳು ಬಾಗಿಲಲ್ಲಿ ನಿಂತಿದ್ದಳು. ಒಂದು ಕಾಲಿಗೆ ಕಾಲುಚೀಲ, ಒಂದು ಕಾಲು ಬರಿದು, ಅರ್ಧ ಹೆಣೆದ ಜಡೆ ಬಿಚ್ಚಿಕೊಳ್ಳುತ್ತಿತ್ತು. "ನಾನು ಫೋನ್ ಮಾಡಿ ಅನ್ನಲಿಲ್ಲ ಅಮ್ಮ," ಅಂದಳು. "ಟೀಚರ್ರೇ ಮಾಡಿದ್ದು."

ಜಡೆ ಮುಗಿಸಿದ್ದು, ಡಬ್ಬಿಗೆ ತಿಂಡಿ ತುಂಬಿದ್ದು, ವ್ಯಾನು ಹತ್ತಿಸಿ ಕೈಬೀಸಿದ್ದು ಯಾವುದೂ ಅವಳಿಗೆ ನೆನಪಿಲ್ಲ. ಪೊಟ್ಟಣವನ್ನು ಮಗಳ ಹಳೆಯ ಕರವಸ್ತ್ರದಲ್ಲಿ ಒದ್ದೆಯಾಗಿಯೇ ಸುತ್ತಿ ಚೀಲದಲ್ಲಿಟ್ಟುಕೊಂಡು ಅವಳು ಸಂಶೋಧನಾ ಕೇಂದ್ರದ ಕಡೆ ನಡೆದಳು. ಇಪ್ಪತ್ತು ನಿಮಿಷದ ದಾರಿ. ಔಷಧಿ ಅಂಗಡಿ, ಸೈಕಲ್ ರಿಪೇರಿಯವನು, ಕೇಂದ್ರದ ಉದ್ದನೆಯ ತಂತಿ ಬೇಲಿ. ಬೇಲಿಯಾಚೆ ಕೊಯ್ಲು ಮುಗಿದು ಬರೀ ಕೂಳೆ ನಿಂತಿತ್ತು. ಇವತ್ತು ಹನ್ನೊಂದಕ್ಕೆ ಸಭೆ. ಇಪ್ಪತ್ತನಾಲ್ಕು ತಳಿಗಳಲ್ಲಿ ಮುಂದಿನ ವರ್ಷ ಬೀಜ ಹೆಚ್ಚಿಸಿ ರೈತರಿಗೆ ಕೊಡುವುದಕ್ಕೆ ಒಂದೇ ಒಂದನ್ನು ಆರಿಸುತ್ತಾರೆ. ಅದು ನಲವತ್ತೊಂದನೆಯ ನಂಬರಿನ ತಳಿ ಅಂತ ಕ್ಯಾಂಟೀನಿನವನಿಗೂ ಗೊತ್ತಿತ್ತು. ನಲವತ್ತೊಂದು ಅವಳದು. ಹನ್ನೊಂದು ವರ್ಷದ ಹಿಂದೆ, ಮದುವೆಗೆ ಮುಂಚೆ, ಚಿಮುಟದಲ್ಲಿ ತೆನೆಯೊಂದರ ಕೇಸರಗಳನ್ನು ಒಂದೊಂದೇ ಕಿತ್ತು, ಇನ್ನೊಂದು ತೆನೆಯ ಪರಾಗ ಉದುರಿಸಿ, ಕಾಗದದ ಟೊಪ್ಪಿ ಹಾಕಿ ಬಂದಿದ್ದಳು. ಆ ಒಂದು ತೆನೆಯ ಹದಿಮೂರು ಕಾಳಿನಿಂದ ಹೊರಟದ್ದು. ಬಸುರಿಯಾಗಿದ್ದಾಗ ಬಗ್ಗಲಾರದೆ ಸಾಲಿನಲ್ಲಿ ಮಂಡಿಯೂರಿ ಕೂತು ಗಿಡ ಆರಿಸಿದ್ದಳು. ಟ್ರ್ಯಾಕ್ಟರಿನವನು ಅದಕ್ಕೆ 'ದೊಡ್ಡಮಗಳು' ಅಂತ ಹೆಸರಿಟ್ಟಿದ್ದ. "ಅಕ್ಕಾ, ನಿಮ್ಮ ದೊಡ್ಡಮಗಳು ಈ ಸಲ ಮೈಕೈ ತುಂಬಿಕೊಂಡಿದ್ದಾಳೆ" ಅನ್ನುವನು. ಮನೆಯಲ್ಲೂ ಆ ಮಾತು ಬಂದು, ಒಬ್ಬಳೇ ಮಗಳು ಚಿಕ್ಕವಳಾಗಿಬಿಟ್ಟಿದ್ದಳು. "ನಾನು ಯಾಕೆ ಚಿಕ್ಕವಳು? ನನಗೆ ಅಕ್ಕ ಎಲ್ಲಿದ್ದಾಳೆ?" ಅಂತ ಅವಳು ಒಮ್ಮೆ ಕೇಳಿದಾಗ ಎಲ್ಲರೂ ನಕ್ಕಿದ್ದರು. ಮಗಳು ನಕ್ಕಿರಲಿಲ್ಲ.

ಹದಿನೆಂಟು ಮೇಷ್ಟ್ರದು. ಅವಳಿಗೆ ಈ ಕೆಲಸ ಕಲಿಸಿದವರು ಅವರು. ನಿವೃತ್ತರಾಗಿ ಮೂರು ವರ್ಷವಾದರೂ ಪ್ರತಿ ಬಿತ್ತನೆಗೆ, ಪ್ರತಿ ಕೊಯ್ಲಿಗೆ ಬಿಳಿ ಟೋಪಿ ಹಾಕಿಕೊಂಡು ಬರುತ್ತಾರೆ. ಹದಿನೆಂಟು ಕುಳ್ಳ ಗಿಡ, ಇಳುವರಿ ಕಡಿಮೆ, ಆದರೆ ಅದರ ಹಿಟ್ಟನ್ನು ನೀರಿನಲ್ಲಿ ತೊಳೆದರೆ ಉಳಿಯುವ ಅಂಟು ರಬ್ಬರಿನ ಹಾಗೆ ಎಳೆದಷ್ಟೂ ಬರುತ್ತದೆ. ಬ್ರೆಡ್ಡು ಮಾಡಿದರೆ ಬೇಕರಿಯವನು ಮತ್ತೆ ಮತ್ತೆ ಒತ್ತಿ ನೋಡುತ್ತಾನೆ. ಕಾಳು ಹೆಚ್ಚು ಬಂದರೆ ಸತ್ವ ಇಳಿಯುತ್ತದೆ, ಸತ್ವ ಏರಿದರೆ ಕಾಳು ಕಡಿಮೆ. ಎರಡನ್ನೂ ಒಂದೇ ಗಿಡದಲ್ಲಿ ಕೂರಿಸಬೇಕು ಅಂತ ಮೇಷ್ಟ್ರು ಇಪ್ಪತ್ತು ವರ್ಷ ಒದ್ದಾಡಿದ್ದರು. ನಲವತ್ತೊಂದರಲ್ಲಿ ಅದು ಮುಕ್ಕಾಲು ಕೂತಿದೆ ಅಂತ ಅವರೇ ಹೇಳಿದ್ದರು. ಹದಿನೆಂಟರ ವಿಷಯದಲ್ಲಿ ಮಾತ್ರ ಏನೂ ಹೇಳಿರಲಿಲ್ಲ. ನಾಲ್ಕು ಪಟ್ಟಿಗಳಲ್ಲಿ ಪ್ರತಿ ತಳಿಯನ್ನೂ ಒಂದೊಂದು ತಾಕಿನಲ್ಲಿ, ಅಂದರೆ ಕೆಲವೇ ಸಾಲಿನ ತುಂಡು ನೆಲದಲ್ಲಿ, ಬಿತ್ತಿದ್ದರು. ನಾಲ್ಕನೆಯ ಪಟ್ಟಿಯಲ್ಲಿ ನಲವತ್ತೊಂದರ ಪಕ್ಕದ ತಾಕು ಹದಿನೆಂಟರದು. ಆ ತಾಕಿನಲ್ಲಿ ಒಂದು ಗಿಡವೂ ಏಳಲಿಲ್ಲ. ಪಕ್ಕ ಖಾಲಿ ಬಿದ್ದದ್ದರಿಂದ ನಲವತ್ತೊಂದಕ್ಕೆ ಬೆಳಕು, ನೀರು, ಗೊಬ್ಬರ ಎಲ್ಲ ಒಂದೂವರೆ ಪಾಲು. ಉಳಿದ ಮೂರು ಕಡೆ ಅದರ ಇಳುವರಿ ಹೆಕ್ಟೇರಿಗೆ ಐವತ್ತೇಳು, ಐವತ್ತೆಂಟು, ಐವತ್ತೊಂಬತ್ತು ಕ್ವಿಂಟಾಲು. ಅಲ್ಲಿ ಮಾತ್ರ ಅರವತ್ತೆಂಟು. ಅದನ್ನು ತೆಗೆದುಹಾಕಿದರೆ ರೈತರು ಈಗಾಗಲೇ ಬೆಳೆಯುತ್ತಿರುವ ಹಳೆಯ ತಳಿಗೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ. ಇದನ್ನೆಲ್ಲ ಅವಳು ಈಗ ಲೆಕ್ಕ ಹಾಕಿದ್ದಲ್ಲ. ಕೊಯ್ಲಿನ ದಿನವೇ, ತೂಕದ ಯಂತ್ರದ ಮುಂದೆ ನಿಂತಾಗಲೇ ಮನಸ್ಸು ತನ್ನ ಪಾಡಿಗೆ ಲೆಕ್ಕ ಹಾಕಿ, ಉತ್ತರವನ್ನು ಎಲ್ಲೋ ಇಟ್ಟುಬಿಟ್ಟಿತ್ತು.

ಫೋನು. ಬೇಲಿಯ ಪಕ್ಕ ನಡೆಯುತ್ತ ಅವಳು ಆ ದಿನದ ಫೋನನ್ನು ಮತ್ತೆ ಕೈಗೆತ್ತಿಕೊಂಡಳು. ಯಂತ್ರದ ಹಿಂದಿನ ಸೀಟಿನಲ್ಲಿ ಅವಳು. ಮಡಿಲಲ್ಲಿ ಪೊಟ್ಟಣಗಳ ತಟ್ಟೆ. ಟ್ರ್ಯಾಕ್ಟರು ಒಂದು ತಾಕು ದಾಟಿದೊಡನೆ ಗಂಟೆ ಹೊಡೆಯುತ್ತದೆ, ಗಂಟೆಗೆ ಸರಿಯಾಗಿ ಮುಂದಿನ ಪೊಟ್ಟಣವನ್ನು ಬಟ್ಟಲಿಗೆ ಸುರಿಯಬೇಕು. ಗಂಟೆ, ಸುರಿ. ಗಂಟೆ, ಸುರಿ. ಆಮೇಲೆ ಫೋನು, ಟೀಚರ ಧ್ವನಿ, ಗಾಬರಿ, ಕೈಯಲ್ಲಿದ್ದ ಪೊಟ್ಟಣ ಜೇಬಿಗೆ. ಎಷ್ಟು ಸಲೀಸಾಗಿ ಕೂಡಿಕೊಳ್ಳುತ್ತಿತ್ತು! ಆದರೆ ಬೇಲಿಯಾಚೆ, ಕೂಳೆಯ ಕೊನೆಗೆ, ಪಂಪ್‌ಹೌಸಿನ ನೀಲಿ ಬಾಗಿಲು ಕಂಡಿತು. ಫೋನಿನಲ್ಲಿ ಮಾತಾಡುವಾಗ ಅವಳು ಆ ನೀಲಿ ಬಣ್ಣವನ್ನು ಉಗುರಿನಿಂದ ಕೆರೆಯುತ್ತಿದ್ದಳು. ಬಣ್ಣದ ಚಕ್ಕೆ ಉಗುರುಸಂದಿಯಲ್ಲಿ ಸಿಕ್ಕಿಕೊಂಡು, ಸಂಜೆ ಮಗಳ ಹಣೆಗೆ ಒದ್ದೆ ಬಟ್ಟೆ ಹಾಕುವಾಗ ಕಂಡಿತ್ತು. ಪಂಪ್‌ಹೌಸು ಪಟ್ಟಿಯ ಕೊನೆಯಲ್ಲಿದೆ. ಹದಿನೆಂಟರ ತಾಕು ನಡುವಿನಲ್ಲಿದೆ. ಅಂದರೆ ಫೋನು ಬರುವ ಹೊತ್ತಿಗೆ ಆ ತಾಕು ಆಗಲೇ ಖಾಲಿಯಾಗಿ ಹಿಂದೆ ಉಳಿದಿತ್ತು. ಅವಳು ನಡಿಗೆ ನಿಲ್ಲಿಸಿದಳು. ಸೈಕಲ್ಲಿನವನೊಬ್ಬ ಬೆಲ್ಲು ಬಾರಿಸಿ, "ಪಕ್ಕಕ್ಕೆ ಬನ್ರೀ ಅಮ್ಮಾ, ಕನಸು ಆಮೇಲೆ ಕಾಣೀರಂತೆ" ಅಂದು ಹೋದ.

ಹಾಗಾದರೆ ನಡುವಿನಲ್ಲಿ ಏನಾಯಿತು? ನಾಲಗೆಗೆ ಮೊದಲು ನೆನಪಾಯಿತು. ನಲವತ್ತೊಂದರ ಪೊಟ್ಟಣ ಬಿಚ್ಚಿದಾಗ ಅವಳು ಅದರಿಂದ ಒಂದು ಚಿಟಿಕೆ ಕಾಳು ಬಾಯಿಗೆ ಹಾಕಿಕೊಂಡಿದ್ದಳು. ಬಿತ್ತುವ ಕಾಳನ್ನು ತಿನ್ನಬಾರದು. ಎಣಿಸಿ ತೂಗಿ ಕಟ್ಟಿದ್ದು. ಆದರೂ. ಮೇಷ್ಟ್ರು ಕಲಿಸಿದ್ದೇ ಹಾಗೆ: ಪ್ರಯೋಗಾಲಯದ ಕಾಗದ ಬರುವ ಮುಂಚೆ ಹಲ್ಲಿಗೆ ಕೇಳು. ಒಂದು ಹಿಡಿ ಅಗಿ, ಉಗುಳಬೇಡ, ಅಗೀತಾ ಇರು, ಹಿಟ್ಟೆಲ್ಲ ಕರಗಿಹೋದಮೇಲೆ ನಾಲಗೆಯ ಮೇಲೆ ಏನು ಉಳಿಯುತ್ತೆ ನೋಡು. ಕೆಟ್ಟ ಗೋಧಿ ಮರಳಾಗಿ ಹೋಗುತ್ತೆ. ಒಳ್ಳೆಯದು ಅಂಟಾಗಿ ನಿಲ್ಲುತ್ತೆ. ಆ ಚಳಿಯಲ್ಲಿ, ಯಂತ್ರದ ಕುಲುಕಾಟದಲ್ಲಿ, ಅವಳ ಬಾಯಲ್ಲಿ ನಲವತ್ತೊಂದು ಅಂಟಾಯಿತು. ಎಳೆಯಾಯಿತು. ನಾಲಗೆಯಿಂದ ಒತ್ತಿದರೆ ಹಿಗ್ಗಿ, ಬಿಟ್ಟರೆ ಸುಮ್ಮನೆ ತನ್ನ ಜಾಗಕ್ಕೆ ಮರಳುತ್ತಿತ್ತು. ಹನ್ನೊಂದು ವರ್ಷದಲ್ಲಿ ಹೀಗೆ ಬಂದಿರಲಿಲ್ಲ. ಒಂದು ಕೈ ಬಾಯಿಗೆ ಹೋದದ್ದರಿಂದ ಇನ್ನೊಂದು ಕೈ ಮುಂದಿನ ಪೊಟ್ಟಣವನ್ನು, ಕುಲುಕಾಟಕ್ಕೆ ಬೀಳದಿರಲಿ ಅಂತ, ಜೇಬಿಗಿಳಿಸಿತ್ತು. ಗಂಟೆ ಹೊಡೆದಿರಬೇಕು. ಅವಳಿಗೆ ಕೇಳಿಸಲಿಲ್ಲ. ಅದರ ಮುಂದಿನ ಗಂಟೆಗೆ ತಟ್ಟೆಯಲ್ಲಿದ್ದ ಮುಂದಿನ ಪೊಟ್ಟಣವನ್ನು ಸುರಿದಿದ್ದಳು. ಅಷ್ಟು ಸುಖವಾಗಿದ್ದಳು.

ಅದಕ್ಕಿಂತ ಕೆಟ್ಟದ್ದು ಇನ್ನೊಂದು ದಿನದ್ದು. ಬಿತ್ತಿ ಎರಡು ವಾರಕ್ಕೆ ಮೊಳಕೆ ಎಣಿಸಲು ಹೋದಾಗ ಹದಿನೆಂಟರ ತಾಕಿನಲ್ಲಿ ಹಸಿರು ಅನ್ನುವುದೇ ಇರಲಿಲ್ಲ. ಕಾಳು ಮೊಳೆಯದೆ ಹೋದರೆ ಮಣ್ಣಿನಲ್ಲಿ ಕೊಳೆತು ಕಪ್ಪಾಗಿ ಬಿದ್ದಿರುತ್ತದೆ. ಕೆದಕಿ ನೋಡಿ ಬರೆಯಬೇಕು. ಅವಳು ಕೂತಳು. ತೋರುಬೆರಳಿನಿಂದ ಸಾಲನ್ನು ಕೆದಕಿದಳು, ಒಂದು ಗೇಣು. ಕಾಳು ಸಿಗಲಿಲ್ಲ. ಇನ್ನೂ ಒಂದು ಗೇಣು ಕೆದಕಬಹುದಿತ್ತು. ಬೆರಳು ನಿಂತಿತು. ಮಣ್ಣು ತಣ್ಣಗಿತ್ತು, ಇನ್ನೂ ಹದಿನಾರು ತಾಕು ಎಣಿಸುವುದು ಬಾಕಿ ಇತ್ತು, ಮಗಳ ಸ್ವೆಟರಿನ ಗುಂಡಿ ಹೊಲಿಯಬೇಕಿತ್ತು. ಎದ್ದು ಮಣ್ಣು ಕೊಡವಿಕೊಂಡು ಪುಸ್ತಕದಲ್ಲಿ ಸೊನ್ನೆ ಬರೆದಳು. ಮುಂದೆ 'ಮೊಳೆಯಲಿಲ್ಲ' ಅಂತ ಬರೆದಳು. ಪಕ್ಕದಲ್ಲಿ ನಲವತ್ತೊಂದು ಚೂಪಾಗಿ, ಹಸಿರಾಗಿ, ಸಾಲಿಗೆ ಸಾಲೇ ಎದ್ದು ನಿಂತಿತ್ತು. ಆಗ ಅವಳಿಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಅಂತ ಆಣೆ ಮಾಡಿ ಹೇಳಬಲ್ಲಳು. ಆದರೆ ಗೊತ್ತಿಲ್ಲದವರ ಬೆರಳು ಅಷ್ಟು ಸರಿಯಾದ ಜಾಗದಲ್ಲಿ ನಿಲ್ಲುತ್ತದೆಯೇ?

ಸಭೆಯ ಕೋಣೆಯಲ್ಲಿ ಫ್ಯಾನು ಒಂದೇ ಕಡೆ ತಿರುಗಿ ಕಾಗದಗಳನ್ನೆಲ್ಲ ಆ ಕಡೆಗೇ ತಳ್ಳುತ್ತಿತ್ತು. ಅಂಕಿಅಂಶ ನೋಡಿಕೊಳ್ಳುವ ಹುಡುಗ ಫಲಿತಾಂಶ ಓದಿದ. ಚಹಾದ ಸಕ್ಕರೆಯನ್ನೂ ಎರಡು ದಶಮಾಂಶಕ್ಕೆ ಹೇಳುವವನು ಅಂತ ಎಲ್ಲರೂ ಅವನನ್ನು ದಶಮಾಂಶ ಅಂತಲೇ ಕರೆಯುತ್ತಿದ್ದರು. ನಲವತ್ತೊಂದು, ಅರವತ್ತು ಬಿಂದು ಐದು ಸೊನ್ನೆ. ಮೊದಲ ಸ್ಥಾನ. ನಿರ್ದೇಶಕರು ಅವಳ ಕಡೆ ನೋಡಿ ನಕ್ಕರು. ಆಮೇಲೆ ಕೈಬಿಡಬೇಕಾದ ತಳಿಗಳ ಪಟ್ಟಿ. ಹದಿನೆಂಟು ಬಂದಾಗ ಎಲ್ಲರೂ ಮೇಜಿನ ತುದಿಯಲ್ಲಿ ಕೂತಿದ್ದ ಮೇಷ್ಟ್ರ ಕಡೆ ನೋಡದಿರಲು ಪ್ರಯತ್ನಪಟ್ಟರು. ಅವರು ಟೋಪಿಯನ್ನು ಮಂಡಿಯ ಮೇಲೆ ಇಟ್ಟುಕೊಂಡಿದ್ದರು.

"ಗುಣಮಟ್ಟ ಚೆನ್ನಾಗಿದೆ ಸರ್, ಅದರಲ್ಲಿ ಎರಡು ಮಾತಿಲ್ಲ," ನಿರ್ದೇಶಕರು ಮೆಲ್ಲಗೆ ಹೇಳಿದರು. "ಆದರೆ ಇಳುವರಿ ಮೊದಲೇ ಕಡಿಮೆ. ಈಗ ಮೊಳಕೆಯೂ ನಂಬೋ ಹಾಗಿಲ್ಲ ಅಂದರೆ..."

"ಬಿಡಿ, ಬಿಡಿ," ಅಂದರು ಮೇಷ್ಟ್ರು. "ಬೀಜದಲ್ಲಿ ಕಸುವಿಲ್ಲದಿದ್ರೆ ಇಟ್ಕೊಂಡು ಏನು ಮಾಡೋದು? ನಾನೂ ಮೊದಲು ಒಪ್ಪಲಿಲ್ಲ. ಆಮೇಲೆ ಪುಸ್ತಕ ತರಿಸಿ ನೋಡಿದೆ. ಇವಳ ಅಕ್ಷರ." ಅವಳ ಕಡೆ ಬೆರಳು ತೋರಿಸಿದರು. "ಇವಳು ಸೊನ್ನೆ ಬರೆದಿದ್ದರೆ ಅದು ಸೊನ್ನೆಯೇ."

ಅವಳು ಚೀಲದಿಂದ ಕರವಸ್ತ್ರ ತೆಗೆದು ಮೇಜಿನ ಮೇಲೆ ಬಿಚ್ಚಿದಳು. ಕರವಸ್ತ್ರದ ಮೂಲೆಯಲ್ಲಿ ಬಾತುಕೋಳಿಯ ಚಿತ್ರವಿತ್ತು. ಬೆಳಗಿನಿಂದ ಇಷ್ಟು ಹೊತ್ತಿಗೆ ಬೇರುಗಳು ಇನ್ನೊಂದು ಕೂದಲೆಳೆಯಷ್ಟು ಬೆಳೆದಿದ್ದವು.

"ಇದು ಹದಿನೆಂಟು ಸರ್. ನಾಲ್ಕನೇ ಪಟ್ಟಿದು. ನನ್ನ ಕೋಟಿನ ಜೇಬಲ್ಲಿತ್ತು. ಮೊಳೆಯದೆ ಇದ್ದದ್ದಲ್ಲ, ನಾನು ಬಿತ್ತಲೇ ಇಲ್ಲ."

ಫ್ಯಾನು ಒಂದು ಹಾಳೆಯನ್ನು ಕೆಳಕ್ಕೆ ಹಾಕಿತು. ಅದನ್ನು ಎತ್ತಲು ಇಬ್ಬರು ಒಟ್ಟಿಗೆ ಬಗ್ಗಿದರು. "ಹಾಗಾದರೆ ನಲವತ್ತೊಂದರ ಪಕ್ಕ ಖಾಲಿ ಇದ್ದದ್ದು..." ಅಂತ ದಶಮಾಂಶ ಶುರುಮಾಡಿ, ಪೆನ್ಸಿಲ್ಲು ಹಿಡಿದು ತನ್ನೊಳಗೇ ಲೆಕ್ಕಕ್ಕೆ ಇಳಿದ. ನಿರ್ದೇಶಕರು ಒಳ್ಳೆಯವರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. "ಅವತ್ತೇ ಅಲ್ವೇನಮ್ಮ, ಮಗಳಿಗೆ ಹುಷಾರಿಲ್ಲ ಅಂತ ನೀವು ಅರ್ಧಕ್ಕೇ ಓಡಿದ್ದು? ನನಗೆ ನೆನಪಿದೆ. ಸ್ಕೂಲಿಂದ ಫೋನು ಬಂದರೆ ಯಾವ ತಾಯಿ ಕೈಕಾಲು ನೆಟ್ಟಗಿರುತ್ತೆ? ವರದಿಯಲ್ಲಿ ಹಾಗೇ ಒಂದು ಸಾಲು ಬರೆದುಬಿಡೋಣ. ಯಾರೂ ತಪ್ಪು ತಿಳ್ಕೊಳ್ಳಲ್ಲ."

ಅದು ಮೆತ್ತನೆಯ ಕುರ್ಚಿಯ ಹಾಗಿತ್ತು. ಕೂತರೆ ಸಾಕಿತ್ತು. ವರದಿಯಲ್ಲಿ ಒಂದು ಸಾಲು, ಅದರಲ್ಲಿ ಎಂಟು ವರ್ಷದ ಹುಡುಗಿ, ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು, ಟೀಚರ್ರೇ ಮಾಡಿದ್ದು ಅನ್ನುತ್ತ ವರ್ಷಗಟ್ಟಲೆ ಕಡತದೊಳಗೆ ನಿಂತಿರುತ್ತಿದ್ದಳು.

"ಫೋನು ಆಮೇಲೆ ಬಂತು ಸರ್," ಅಂದಳು. "ಪಂಪ್‌ಹೌಸಿನ ಹತ್ತಿರ. ಮಗಳಿಗೂ ಇದಕ್ಕೂ ಸಂಬಂಧ ಇಲ್ಲ. ನಾನು... ಆಗ ನಲವತ್ತೊಂದನ್ನ ಅಗೀತಾ ಇದ್ದೆ. ಚೆನ್ನಾಗಿ ಬಂದಿತ್ತು. ಗಂಟೆ ಕೇಳಿಸಲಿಲ್ಲ."

ಯಾರೋ ಒಬ್ಬರು ಫಕ್ಕನೆ ನಕ್ಕು ಕೆಮ್ಮಿನಲ್ಲಿ ಮುಚ್ಚಿಕೊಂಡರು. "ಬಿತ್ತನೆ ಬೀಜ ತಿಂದ್ರಾ ಮೇಡಂ?" ಅಂದ ದಶಮಾಂಶ, ನಿಜವಾದ ಕುತೂಹಲದಿಂದ. "ಎಷ್ಟು ಗ್ರಾಮು?" ಈ ಸಲ ಎಲ್ಲರೂ ನಕ್ಕರು. ಅವಳ ಕಿವಿಯ ತುದಿ ಬಿಸಿಯಾಯಿತು. ಹದಿನೈದು ವರ್ಷದ ಕೆಲಸ, ಇಬ್ಬರು ನಿರ್ದೇಶಕರ ಪ್ರಶಂಸಾಪತ್ರ, ಮತ್ತು ಇನ್ನು ಮುಂದೆ ಕ್ಯಾಂಟೀನಿನಲ್ಲಿ ಈ ಪ್ರಶ್ನೆ. ಮೇಷ್ಟ್ರು ಮಾತ್ರ ನಗಲಿಲ್ಲ. ಕಾಳುಗಳ ಮೇಲೆ ಬಗ್ಗಿ ಒಂದನ್ನು ಉಗುರಿನ ತುದಿಯಿಂದ ಮಗುಚಿ ನೋಡುತ್ತಿದ್ದರು.

"ಮೊಳಕೆ ಎಣಿಸೋವಾಗ ಕೆದಕಿ ನೋಡಲಿಲ್ವಾ ಮಗೂ?"

ಇದೊಂದೇ ಪ್ರಶ್ನೆ ಯಾರೂ ಕೇಳುವುದಿಲ್ಲ ಅಂದುಕೊಂಡಿದ್ದಳು.

"ಕೆದಕಿದೆ ಮೇಷ್ಟ್ರೇ. ಒಂದು ಗೇಣು."

"ಒಂದೇ ಗೇಣು."

"ಹೌದು. ಆಮೇಲೆ ನಿಲ್ಲಿಸಿದೆ."

ಅವರು ತಲೆ ಎತ್ತಿ ಅವಳನ್ನು ನೋಡಿದರು. ಕ್ಷಮೆಯ ಮಾತು ಬರುತ್ತದೆ ಅಂತ ಅವಳು ಒಂದು ಗಳಿಗೆ ಕಾದಳು. ಬೈಗುಳವಾದರೂ ಆಗಬಹುದಿತ್ತು. ಅವರು ಜೇಬಿನಿಂದ ಪೆನ್ಸಿಲ್ಲು ತೆಗೆದು ಮೇಜಿನ ಮೇಲೆ ಉರುಳಿಸಿದರು. ಅದು ಅವಳ ಮುಂದೆ ಬಂದು ನಿಂತಿತು. "ಎಣಿಸು," ಅಂದರು. "ಎಷ್ಟು ಮೊಳೆತಿದೆ ಎಣಿಸಿ ಪುಸ್ತಕದಲ್ಲಿ ಬರಿ. ಹಳೇದನ್ನ ಅಳಿಸಬೇಡ."

ಸಭೆಯ ಎದುರಿಗೆ, ತಲೆ ಬಗ್ಗಿಸಿ, ಬಾತುಕೋಳಿಯ ಕರವಸ್ತ್ರದ ಮೇಲೆ ಅವಳು ನೂರು ಕಾಳು ಎಣಿಸಿದಳು. ಯಾರೋ ಚಹಾ ತರಿಸಿದರು. ತೊಂಬತ್ತಾರು ಮೊಳೆತಿದ್ದವು. ಸೊನ್ನೆಯ ಮೇಲೆ ಒಂದು ಗೆರೆ ಎಳೆದು, ಪಕ್ಕದಲ್ಲಿ ತೊಂಬತ್ತಾರು ಅಂತ, ಅದರ ಮುಂದೆ 'ಬಿತ್ತಿರಲಿಲ್ಲ' ಅಂತ ಬರೆದು ಸಹಿ ಹಾಕಿದಳು. ಗೆರೆಯ ಕೆಳಗೆ ಸೊನ್ನೆ ಚೆನ್ನಾಗಿಯೇ ಕಾಣುತ್ತಿತ್ತು. ಈ ವರ್ಷ ಯಾವ ತಳಿಯನ್ನೂ ಆರಿಸುವುದಿಲ್ಲ, ನಲವತ್ತೊಂದು ಮತ್ತು ಹದಿನೆಂಟು ಎರಡನ್ನೂ ಇನ್ನೊಂದು ವರ್ಷ ಬಿತ್ತಿ ನೋಡುವುದು, ಬಿತ್ತುವಾಗ ಯಂತ್ರದ ಮೇಲೆ ಇಬ್ಬರು ಕೂರುವುದು ಅಂತ ತೀರ್ಮಾನವಾಯಿತು. ಇಬ್ಬರು ಅಂದಾಗ ನಿರ್ದೇಶಕರು ಅವಳ ಮುಖ ನೋಡಲಿಲ್ಲ. ಹೊರಗೆ ಬಂದಮೇಲೆ ಮೇಷ್ಟ್ರು ಟೋಪಿ ಹಾಕಿಕೊಂಡು ಗೇಟಿನವರೆಗೂ ಅವಳ ಜೊತೆ ನಡೆದರು. ಗೇಟಿನಲ್ಲಿ ನಿಂತು, ಬೇರೆ ಕಡೆ ನೋಡುತ್ತ, "ಅಷ್ಟು ಚೆನ್ನಾಗಿ ಬಂದಿತ್ತಾ?" ಅಂತ ಕೇಳಿದರು. ಅವಳು ಹೌದೆಂದು ತಲೆಯಾಡಿಸಿದಳು. ಅವರು "ಹ್ಞೂಂ" ಅಂದು ಹೊರಟುಹೋದರು.

ಸಂಜೆ ಮಗಳು ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹಾಲು ಕುಡಿಯುತ್ತಿದ್ದಳು. ಕಿಟಕಿಯಾಚೆ ತಂತಿಯ ಮೇಲೆ ತೊಳೆದ ಕೋಟು ಜೇಬುಗಳನ್ನು ಹೊರಚಾಚಿಕೊಂಡು ನೇತಾಡುತ್ತಿತ್ತು. ಅವಳು ಪಾತ್ರೆ ಉಜ್ಜುತ್ತಿದ್ದ ಕೈಯನ್ನು ತೊಳೆದುಕೊಂಡು, ಒರೆಸಿಕೊಂಡು, ಮಗಳ ಎದುರಿಗೆ ಬಂದು ನಿಂತಳು. ಸಭೆಯಲ್ಲಿ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು.

"ಬೆಳಿಗ್ಗೆ ನಾನು ಅಜ್ಜಿಗೆ ಒಂದು ಮಾತು ಹೇಳಿದೆನಲ್ಲ, ಫೋನ್ ಬಂತು, ಅದಕ್ಕೇ ಬಿತ್ತೋದು ಮರೆತೆ ಅಂತ. ಅದು ಸುಳ್ಳು ಪುಟ್ಟಾ. ಮರೆತಿದ್ದು ಮೊದಲೇ. ಫೋನು ಆಮೇಲೆ ಬಂತು. ನಿನ್ನಿಂದ ಏನೂ ಆಗಿಲ್ಲ."

ಮಗಳು ಲೋಟದೊಳಗೆ ನೋಡುತ್ತ, ಕೆನೆಯನ್ನು ಬೆರಳಿನಿಂದ ಒಂದು ಪಕ್ಕಕ್ಕೆ ತಳ್ಳಿದಳು.

"ನನಗೆ ಗೊತ್ತಿತ್ತು," ಅಂದಳು.

"ಏನು ಗೊತ್ತಿತ್ತು?"

"ನೀನು ಸ್ಕೂಲಿಗೆ ಬಂದಾಗ ಏನೋ ಅಗೀತಾ ಇದ್ದೆ. ನನ್ನ ಎತ್ಕೊಂಡಾಗಲೂ ಅಗೀತಾನೇ ಇದ್ದೆ. ಆಟೋದಲ್ಲೂ. ನನಗೂ ಕೊಡು ಅಂದೆ." ಮೇಲ್ದುಟಿಯ ಮೇಲಿನ ಹಾಲನ್ನು ನಾಲಗೆಯಿಂದ ಒರೆಸಿಕೊಂಡಳು. "ನೀನು, ಏನಿಲ್ಲ, ಬಾಯಲ್ಲಿ ಏನೂ ಇಲ್ಲ ಅಂದೆ."

ಒಳಕೋಣೆಯಿಂದ ಅತ್ತೆ, ಸದ್ದು ಕೇಳಿ, ಒಲೆಯ ಮೇಲೆ ಏನೋ ಉಕ್ಕುತ್ತಿದೆ ಅಂತ ಕೂಗಿದರು. ಅವಳು ಅಲ್ಲಾಡಲಿಲ್ಲ. ಆಮೇಲೆ ಕೈಚೀಲ ತೆಗೆದು, ತಳದಲ್ಲಿ ತಡಕಾಡಿ, ಕೊಯ್ಲಿನ ದಿನ ತಂದಿಟ್ಟುಕೊಂಡಿದ್ದ ನಲವತ್ತೊಂದರ ಕಾಳನ್ನು ಅಂಗೈಗೆ ಸುರಿದುಕೊಂಡು ಮಗಳ ಮುಂದೆ ಹಿಡಿದಳು. ಮಗಳು ಒಂದೊಂದಾಗಿ ಹತ್ತು ಕಾಳು ಆರಿಸಿ ಬಾಯಿಗೆ ಹಾಕಿಕೊಂಡಳು. ಕಟಕಟ ಸದ್ದು ಬಂತು.

"ಉಗುಳಬೇಡ. ಅಗೀತಾ ಇರು."

"ಬರೀ ಹಿಟ್ಟು."

"ಇನ್ನೂ ಅಗಿ."

ಹುಡುಗಿ ಕಣ್ಣು ಮುಚ್ಚಿಕೊಂಡು ಅಗಿಯುತ್ತ ಹೋದಳು. ಅವಳು ಮಗಳ ಆಡುವ ದವಡೆಯನ್ನೇ ನೋಡುತ್ತ, ಬೇರೆ ಯಾವ ಸದ್ದೂ ಕೇಳಿಸಿಕೊಳ್ಳದೆ, ಕಾಯುತ್ತ ನಿಂತಳು.